ಇಪ್ಪತ್ತೊಂದನೇ ಪುಟದ ಗುರುತು

ಒಂದು ಕಾದಂಬರಿಗೆ ವಾರದ ಬಾಡಿಗೆ ಮೂರು ರೂಪಾಯಿ. ಅದು ಹೋದರೆ ಹೋಗಲಿ. ಆದರೆ ನರ್ಸ್ ಮಾಲಾಗೆ ವರ್ಷಕ್ಕೆ ಸಿಗುವುದು ಡಿಸೆಂಬರಿನ ಎಂಟೇ ದಿನದ ರಜೆ. ಗುಂಜಿ ಊರಿನ ತವರುಮನೆಯಲ್ಲಿ ಕಳೆದ ಎರಡು ರಜೆಗಳನ್ನೂ ಗೋಳಾಟದ ಕಾದಂಬರಿಗಳೇ ತಿಂದುಹಾಕಿದ್ದವು. ನೆಹರು ನಗರದ ಬಾಡಿಗೆ ಲೈಬ್ರರಿಯಲ್ಲಿ ಅವಳು ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಚಾಚಿ, ಇದರಾಗೂ ನಾಯಕಿ ಮೊದಲನೇ ಪುಟಕ್ಕ ಅಳಾಕ ಹತ್ತ್ಯಾಳಲ್ರಿ! ಇಪ್ಪತ್ತೊಂದನೇ ಪುಟದಾಗ ನೋಡ್ರಿ, ಓದಿದವರು ಎಷ್ಟು ಗುರ್ತು ಹಾಕ್ಯಾರ. ನಕ್ಷತ್ರ, ತ್ರಿಕೋನ, ಹೂವು. ಇಷ್ಟು ಮಂದಿ ಮೆಚ್ಚಿದ್ದು ನನಗೊಬ್ಬಾಕಿಗೇ ಯಾಕ ಸೇರವಲ್ದು?"

ಲೈಬ್ರರಿ ನಡೆಸುವ ಇಮಾಮಬೀ ಸೆರಗಿನಿಂದ ಕನ್ನಡಕ ಒರೆಸುತ್ತ ನಕ್ಕಳು. "ಮೆಚ್ಚಿ ಹಾಕ್ತಾರಂತ ಯಾರ ಹೇಳಿದ್ರು ಬೇಟಿ? ಓದಿದ್ದು ನೆನಪ ಉಳಿಯಂಗಿಲ್ಲ, ಮರತು ಮತ್ತ ಒಯ್ಯಬಾರ್ದಂತ ಒಬ್ಬೊಬ್ಬರು ತಮ್ಮದೊಂದು ಗುರ್ತು ಎಲ್ಲಾ ಪುಸ್ತಕದಾಗೂ ಅದ ಪುಟಕ್ಕ ಹಾಕ್ತಾರ. ಛಲೋ ಪುಸ್ತಕಕ್ಕ ಗುರ್ತು ಯಾಕ ಬೇಕು? ಅದನ್ನ ಬೇಕಂತನ ಇನ್ನೊಮ್ಮಿ ಒಯ್ತಾರ."

ಎರಡು ವರ್ಷ ಮಾಲಾ ಗುರುತುಗಳನ್ನು ಎಣಿಸಿ, ಹೆಚ್ಚಿದ್ದುದನ್ನೇ ಆರಿಸಿ ಒಯ್ದಿದ್ದಳು. ಸಿಟ್ಟಿನಿಂದ ಆ ಪುಸ್ತಕವನ್ನು ಕಪಾಟಿಗೆ ತುರುಕಿ, ಅಂಚು ಸವೆದು ಹೊಲಿಗೆ ಬಿಚ್ಚಿದ್ದ ಇನ್ನೊಂದನ್ನು ಎಳೆದಳು. ಇಪ್ಪತ್ತೊಂದನೇ ಪುಟದಲ್ಲಿ ಚಹಾದ ಕಲೆ ಇತ್ತು, ಗುರುತು ಒಂದೂ ಇರಲಿಲ್ಲ. ಮೊದಲ ಪುಟದಲ್ಲಿ ಒಬ್ಬ ಮುದುಕಿ, ಕೋಳಿಗೆ ಯಾಕೆ ಟಿಕೆಟು ಎಂದು ಬಸ್ ಕಂಡಕ್ಟರನ ಜೊತೆ ಜಗಳಕ್ಕೆ ನಿಂತಿದ್ದಳು. ಮಾಲಾ ನಿಂತಲ್ಲೇ ಪುಟ ತಿರುವಿದಳು. ಮತ್ತೊಂದು ತಿರುವಿದಳು.

"ಬಾಗಲಾ ಹಾಕ್ಬೇಕು, ಮನಿಗೆ ಹೋಗಿ ಓದ ಬೇಟಿ," ಎಂದಳು ಇಮಾಮಬೀ.

ಹೋದ ಎರಡು ರಜೆ ಹೋದವೇ. ಈ ಸಲದ ರಜೆಗೆ ಪುಸ್ತಕ ಸಿಕ್ಕಿತು.