ನೀರುಗಳ್ಳ

ಕಳ್ಳ ಯಾರೆಂದು ಅಕ್ಕನಿಗೆ ಗೊತ್ತಿತ್ತು. ಕದಿಯುತ್ತಿದ್ದುದು ನೀರು. ಎಲ್ಲಿಂದ ಎನ್ನುವುದೊಂದೇ ಗೊತ್ತಾಗಬೇಕಿತ್ತು.

ನೀರಿನ ಜಗ್ಗು ಅವಳ ಕೋಣೆಯಲ್ಲಿತ್ತು. ಫ್ರಿಜ್ಜಿಗೆ ಬೀಗ. ಬಚ್ಚಲ ನಲ್ಲಿಯ ತಿರುಪನ್ನು ಬಿಚ್ಚಿ ತನ್ನ ಕೈಚೀಲದಲ್ಲಿ ಹಾಕಿಕೊಂಡಿದ್ದಳು. ತಮ್ಮ ಹಲ್ಲುಜ್ಜುವಾಗ ಬಾಗಿಲಲ್ಲಿ ನಿಂತು, ಬಾಯಿಗೆ ಹೋದದ್ದೆಲ್ಲ ಹೊರಗೆ ಬಂತೋ ಇಲ್ಲವೋ ಎಂದು ನೋಡುತ್ತಿದ್ದಳು. ಮೂವತ್ತೆರಡು ವರ್ಷ ಗಣಿತ ಕಲಿಸಿ, ಪರೀಕ್ಷಾ ಕೊಠಡಿಯಲ್ಲಿ ಎಂತೆಂಥ ಘಾಟಿಗಳ ಕಾಲುಚೀಲದಿಂದ ಚೀಟಿ ಎಳೆದವಳು. ಇವನು ಯಾವ ಲೆಕ್ಕ?

ತಮ್ಮನ ಮೂತ್ರಪಿಂಡಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ಆಸ್ಪತ್ರೆಯ ಕೆಳಮಹಡಿಯಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದು ಸಾಲದೆಂಬಂತೆ ಈ ವರ್ಷ ಕರುಳಿನ ಕ್ಯಾನ್ಸರ್. ಅದಕ್ಕೆ ಮೇಲ್ಮಹಡಿಯಲ್ಲಿ ಕೀಮೋ. ಮೇಲಿನವರು ಚೆನ್ನಾಗಿ ತಿನ್ನಿ ಎನ್ನುತ್ತಿದ್ದರು, ಕೆಳಗಿನವರು ಅದು ಮುಟ್ಟಬೇಡಿ ಇದು ಮುಟ್ಟಬೇಡಿ ಎನ್ನುತ್ತಿದ್ದರು. ನಡುವೆ ಇಪ್ಪತ್ತು ಮೆಟ್ಟಿಲು, ಆದರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ ಎಂದು ಅಕ್ಕ ಮೂಗು ಮುರಿಯುತ್ತಿದ್ದಳು. ಇಬ್ಬರೂ ಒಪ್ಪಿದ್ದು ಒಂದೇ ಮಾತು: ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕೂಡದು.

ಕಳೆದ ವಾರ ಮೇಲಿನ ಡಾಕ್ಟರ್ ತಮ್ಮನ ತೂಕದ ಚೀಟಿ ನೋಡಿ ಹುಬ್ಬು ಗಂಟಿಕ್ಕಿದ್ದರು. "ಮೈ ಇಳೀತಾ ಇದೆ. ಡಯಾಲಿಸಿಸ್ ಆದ್ಮೇಲೆ ಐವತ್ತು ಕಿಲೋಗಿಂತ ಕಡಿಮೆ ಬಂದ್ರೆ ಮುಂದಿನ ಮದ್ದು ಕೊಡಲ್ಲ. ದೇಹ ತಡ್ಕೊಳಲ್ಲ."

ಮೆಟ್ಟಿಲಿಳಿಯುವಾಗ ತಮ್ಮ ಕೇಳಿದ. "ಮದ್ದು ನಿಲ್ಸಿದ್ರೆ ಕತೆ ಮುಗೀತು ಅಂತ ತಾನೆ ಅಕ್ಕ?"

"ಬಾಯಿ ಮುಚ್ಕೊಂಡು ತಿನ್ನು, ಇಳಿಯಲ್ಲ," ಎಂದಳು ಅಕ್ಕ.

ಕಳ್ಳತನ ಶುರುವಾಗಿದ್ದು ಅದಾದ ಮೇಲೆಯೇ. ಸೋಮವಾರ ತೂಕ ನೋಡಿದ ನರ್ಸ್, "ಮೂರು ದಿನಕ್ಕೆ ಮೂರು ಕಿಲೋ ಏರಿದೀರಲ್ಲ. ಚೆನ್ನಾಗಿ ನೀರು ಕುಡ್ದಿದೀರ," ಎಂದಳು. ಆ ಮೂರು ಕಿಲೋ ತೆಗೆಯಲು ಮಷೀನು ಹಚ್ಚಿದರು. ಮಷೀನಿಗೆ ಕೂತರೆ ಚಳಿ ಹಿಡಿಯುತ್ತದೆ. ಉಳಿದವರೆಲ್ಲ ಆಸ್ಪತ್ರೆಯ ಕಂಬಳಿ ಹೊದ್ದರೆ, ಈ ಮಹಾರಾಯನಿಗೆ ಮಾತ್ರ ಮನೆಯಿಂದಲೇ ತೊಟ್ಟು ಬಂದ ತನ್ನ ಹಳೆಯ ಕೋಟೇ ಆಗಬೇಕು, ಸೂಜಿ ಚುಚ್ಚುವ ತೋಳೊಂದನ್ನು ಬಿಟ್ಟು. ಮೂರನೆಯ ಗಂಟೆಗೆ ಅವನ ಮೀನಖಂಡ ಕಟ್ಟಿಗೆಯಾಯಿತು. ಹಲ್ಲು ಕಚ್ಚಿಕೊಂಡು ಅತ್ತ.

"ಮಾಡಿದ್ದುಣ್ಣೋ ಮಹಾರಾಯ," ಎಂದಳು ಅಕ್ಕ. ಮನೆಯಲ್ಲಿ ನೀರು ಅರ್ಧ ಲೀಟರಿಗೆ ಇಳಿಯಿತು.

ಬುಧವಾರವೂ ಅದೇ ಮೂರು ಕಿಲೋ.

"ಕಾಲು ಊದಿಲ್ಲ, ಮುಖಾನೂ ಊದಿಲ್ಲ. ನೀರೆಲ್ಲ ಎಲ್ಲಿಟ್ಕೊಂಡಿದೀರಿ ಯಜಮಾನ್ರೇ?" ನರ್ಸ್ ಕೇಳಿದಳು. "ಈ ತಕ್ಕಡಿ ಏನಾದ್ರೂ ಕೆಟ್ಟಿದೆಯೋ ಏನೋ."

"ತಕ್ಕಡಿದೇನೂ ತಪ್ಪಿಲ್ಲಮ್ಮ," ಎಂದ ತಮ್ಮ. "ನಲವತ್ತು ವರ್ಷ ಅದರ ಮುಂದೆ ಕೂತಿದೀನಿ."

ಅಕ್ಕ ನಕ್ಕಳು, ಒಳ್ಳೆಯ ನಗೆಯಲ್ಲ. ಅವನ ದಿನಸಿ ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆ ಎಂದೂ ಒಂದು ಕಿಲೋ ತೂಗಿದ್ದಿಲ್ಲ. ತಟ್ಟೆಯ ಅಂಚಿಗೆ ಅವನ ಕಿರುಬೆರಳು ತಾಗಿಯೇ ಇರುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಊರಿಗೆಲ್ಲ ಮೋಸ ಮಾಡಿ ಈಗ ತನ್ನ ಮೈಗೇ ಮೋಸ ಮಾಡುತ್ತಿದ್ದಾನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಉರಿಗಿಂತ ಹೆಚ್ಚು ಹೆದರಿಕೆಯೂ ಇತ್ತು. ಕದ್ದ ನೀರು ಒಂದು ದಿನ ಶ್ವಾಸಕೋಶಕ್ಕೆ ನುಗ್ಗಿದರೆ ಮುಗಿಯಿತು. ಅವಳಿಗೆ ಇದ್ದವನು ಇವನೊಬ್ಬನೇ.

ಗುರುವಾರ ಅವಳು ಕಾಲು ಲೀಟರು ಅಳೆದು ಕೊಟ್ಟಳು. ತಮ್ಮ ಗುಟುಕು ಗುಟುಕಾಗಿ ಕುಡಿದು, ಲೋಟದ ಅಂಚನ್ನು ನೆಕ್ಕಿದ.

"ಇನ್ನೂ ಬೇಕಾ?" ಬೇಕೆಂದೇ ಕೇಳಿದಳು.

"ಬೇಡ ಅಕ್ಕ. ನಾನು ಕದ್ದು ಕುಡೀತಿಲ್ಲ, ನಂಬು."

"ಸಕ್ಕರೆ ತಗೊಂಡೋರಿಗೂ ಹೀಗೇ ಹೇಳ್ತಿದ್ದೆ."

ಅವನ ತುಟಿಗಳು ಒಡೆದು ರಕ್ತ ಜಿನುಗುತ್ತಿತ್ತು. ಅದು ಕೀಮೋದಿಂದ ಎಂದುಕೊಂಡು ಅಕ್ಕ ಲೋಟ ತೊಳೆಯಲು ಹೋದಳು, ಲೋಟವನ್ನೂ ನಂಬದೆ.

ಶುಕ್ರವಾರ ಮೂರೂವರೆ ಕಿಲೋ ಏರಿತ್ತು. ಮರುದಿನ ಬೆಳಿಗ್ಗೆ ಮೇಲ್ಮಹಡಿಯಲ್ಲಿ ಮದ್ದಿನ ಸರದಿ. ಅಕ್ಕ ಯಾರ ಮುಖವನ್ನೂ ನೋಡದೆ ಕೂತಳು. ಇಷ್ಟು ಕಾವಲಿದ್ದೂ ಕಣ್ಣಿಗೆ ಮಣ್ಣೆರಚಿದನಲ್ಲ ಎಂಬುದೇ ಅವಳಿಗೆ ದೊಡ್ಡ ಅವಮಾನವಾಗಿತ್ತು.

ಎರಡನೆಯ ಗಂಟೆಗೆ ತಮ್ಮನ ತಲೆ ಒಂದು ಕಡೆಗೆ ವಾಲಿತು.

ನರ್ಸ್ ಓಡಿ ಬಂದು ಕುರ್ಚಿಯ ತಲೆಭಾಗ ತಗ್ಗಿಸಿದಳು. ನೀರು ಎಳೆಯುವುದನ್ನು ನಿಲ್ಲಿಸಿ, ಬಾಟಲಿಯಿಂದ ಸಲೈನನ್ನು ಒಳಗೆ ಬಿಟ್ಟಳು. ಒಂದು ಬಾಟಲಿ ಖಾಲಿಯಾಗಿ ಎರಡನೆಯದು ಅರ್ಧಕ್ಕೆ ಬಂದಾಗ ನಾಡಿ ಸಿಕ್ಕಿತು.

"ಅಮ್ಮಾ, ಇವರ ಮೈಯಲ್ಲಿ ತೆಗಿಯೋಕೆ ನೀರೇ ಇರ್ಲಿಲ್ಲ," ಎಂದಳು ನರ್ಸ್, ಬೆವರು ಒರೆಸಿಕೊಳ್ಳುತ್ತ. "ಒಣಗಿ ಹೋಗಿದಾರೆ. ನೀವು ಕುಡಿಯೋಕೆ ಏನಾದ್ರೂ ಕೊಡ್ತಿದೀರೋ ಇಲ್ವೋ?"

ಅಕ್ಕ ತಕ್ಕಡಿಯತ್ತ ತಿರುಗಿದಳು. "ಮತ್ತೆ ಆ ಮೂರೂವರೆ ಕಿಲೋ?"

"ಅದೇ ಅರ್ಥ ಆಗ್ತಿಲ್ಲ. ಎದೆ ನೋಡ್ಬೇಕು, ಮೊದ್ಲು ಆ ಕೋಟು ತೆಗೀರಿ."

ತಮ್ಮ ಕಣ್ಣು ತೆರೆದ. ಸೂಜಿಯಿಲ್ಲದ ಕೈಯಿಂದ ಕೋಟನ್ನು ಅವುಚಿಕೊಂಡ. "ಇರ್ಲಿ ಅಕ್ಕ. ನಾಳೆ ಮದ್ದಾಗ್ಲಿ, ಆಮೇಲೆ ತೆಗಿ."

ಅಕ್ಕ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತೋಳು ಬಿಡಿಸಿ, ಕೋಟನ್ನು ಒಂದು ಕೈಯಲ್ಲಿ ಎತ್ತಲು ಹೋದಳು. ಏಳಲಿಲ್ಲ.

ಅಸ್ತರಿನೊಳಗೆ, ಒಂದೊಂದಕ್ಕೂ ಬೇರೆ ಬೇರೆ ಜೇಬು ಹೊಲಿದು, ಅವನು ಅಂಗಡಿಯ ತೂಕದ ಕಲ್ಲುಗಳನ್ನು ಇಟ್ಟುಕೊಂಡಿದ್ದ. ಐವತ್ತು ಕಿಲೋ ತುಂಬಲು ಎಷ್ಟು ಬೇಕೋ ಅಷ್ಟು, ಒಂದು ಗ್ರಾಮೂ ಕಡಿಮೆಯಿಲ್ಲದಂತೆ.