ಗಯೆಯಲ್ಲಿ ಬಿಟ್ಟದ್ದು

"ತಾತ, ಒಂದೇ ಒಂದು ಮಾತು ಹೇಳಿ. ಎಡಚನಾ, ಗಿಡ್ಡನಾ?"

ಚಾರ್ವಿ ಸೈಕಲ್ಲಿನ ಹೆಲ್ಮೆಟ್ ಕೂಡ ತೆಗೆಯದೆ ಊಟದ ಮೇಜಿನ ಮುಂದೆ ನಿಂತು ಕೇಳಿದಳು. ಬದರಿನಾಥರು ಮೊಮ್ಮಗಳ ಮುಖ ನೋಡಲಿಲ್ಲ. ಮೊಸರನ್ನ ಕಲಸುತ್ತ, "ಕೈ ತೊಳೆದು ಊಟಕ್ಕೆ ಕೂತ್ಕೊ, ಮಗು" ಎಂದರು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳು ಜೂನ್ ತಿಂಗಳಲ್ಲಿ ಒಂದರ ನಂತರ ಒಂದು, ಸರದಿಯಂತೆ, ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಈ ಮನೆಯವರು ಮೆಚ್ಚಿದ ತಂಡಕ್ಕೆ ಈ ಸಲ ಮೊದಲ ಸುತ್ತಿನ ನಡುವೆಲ್ಲೋ ಸರದಿ. ಬೇಕಾಗಿದ್ದವನು ಒಬ್ಬ ಗಾರ್ಡ್, ಅಂದರೆ ಚೆಂಡನ್ನು ನಡೆಸಿಕೊಂಡು ಹೋಗುವವನು. ಅಷ್ಟು ಹೊತ್ತಿಗೆ ಸಿಗಬಹುದಾದವರು ಇಬ್ಬರು. ಒಬ್ಬ ಎತ್ತರದ ಎಡಚ, ದೂರದಿಂದಲೇ ಬುಟ್ಟಿಗೆ ಹಾಕುತ್ತಾನೆ. ಇನ್ನೊಬ್ಬ ಗಿಡ್ಡ, ಹಾಕುವವರ ಕೈಗೆ ಚೆಂಡು ತಲುಪಿಸುತ್ತಾನೆ. ಹೀಗೆ ಸಿಗುವವರಲ್ಲಿ ಯಾರಾಗಬೇಕು ಎಂದು ಪ್ರತಿ ಬೇಸಿಗೆಯಲ್ಲೂ ಸ್ವೀಡನ್ನಿನ ಉಪ್ಸಾಲಾದ ಈ ಅಡುಗೆಮನೆಯಲ್ಲಿ ತಾತ, ಮಗ ಸುದರ್ಶನ್, ಮೊಮ್ಮಗಳು ಮೂವರೂ ಗಂಟಲು ಹರಿಯುವಂತೆ ಜಗಳವಾಡುತ್ತಿದ್ದರು. ಸುದರ್ಶನ್ ತೀರಿಕೊಂಡ ಮೇಲೆ ಬಂದ ಮೊದಲ ಜೂನಿನಲ್ಲಿ ಯಾರೂ ಆ ಮಾತೆತ್ತಲಿಲ್ಲ. ಈ ಸಲ ಚಾರ್ವಿ ಎತ್ತಿದ್ದಳು. ತಾತ ಊರಿನಿಂದ ಬಂದಾಗಿನಿಂದ ಕೇಳುತ್ತಲೇ ಇದ್ದಳು. ಅವರು ಮಾತು ಮರೆಸುತ್ತಲೇ ಇದ್ದರು.

ಸೊಸೆ ಆರತಿ ಮಾವಿನಹಣ್ಣಿನ ತಟ್ಟೆ ತಂದಿಟ್ಟು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಮರೆತೇಬಿಟ್ಟೆ ಮಾವ. ಗಯೆಯಲ್ಲಿ ಬಿಟ್ಟು ಬಂದಿದ್ದೀರಲ್ಲ."

"ಬಿಡೋದು ಅಂದ್ರೆ?" ಎಂದಳು ಚಾರ್ವಿ.

"ಹೋದವರಿಗೆ ಅಲ್ಲಿ ಪಿಂಡ ಹಾಕಿದ ಮೇಲೆ ನಮಗೆ ತುಂಬ ಇಷ್ಟವಾದ್ದನ್ನ ಬಿಟ್ಟು ಬರಬೇಕು ಕಣೆ. ಆಮೇಲೆ ಜೀವ ಇರೋವರೆಗೂ ಅದನ್ನ ಮುಟ್ಟೋ ಹಾಗಿಲ್ಲ. ನಮ್ಮ ಹಯವದನ ಮಾಮ ಹಾಗಲಕಾಯಿ ಬಿಟ್ಟು ಬಂದ್ರು. ಹುಟ್ಟಿದಾಗಿನಿಂದ ಅದನ್ನ ಬಾಯಿಗೇ ಇಟ್ಟವರಲ್ಲ!"

ಬದರಿನಾಥರ ಮುಖದಲ್ಲೂ ಒಂದು ನಗೆ ಸುಳಿಯಿತು. ಚಾರ್ವಿ ನಗಲಿಲ್ಲ. ನಿಧಾನವಾಗಿ ಹೆಲ್ಮೆಟ್ ತೆಗೆದಳು.

"ತಾತ, ನೀವು ಬಿಟ್ಟಿದ್ದು ಮಾವಿನಹಣ್ಣು ಒಂದೇನಾ?"

ಅವರ ಬೆರಳು ಅನ್ನದಲ್ಲೇ ನಿಂತಿತು. "ಪುರೋಹಿತರು ಕೇಳಿದಾಗ ಮಾವಿನಹಣ್ಣು ಅಂದೆ. ಅದು ಹಯವದನನ ಹಾಗಲಕಾಯಿಯ ಹಾಗೇ ಆಯಿತು ಅನ್ನಿಸಿತು. ಅದಿಲ್ಲದೆ ನಾನೇನು ಬದುಕಲಾರೆನೆ? ದೇವರ ಮುಂದೆ ಸುಳ್ಳಾಡಬಾರದು. ನೀರು ಬಿಡುವಾಗ ಮನಸ್ಸಿನಲ್ಲೇ ಇದನ್ನೂ ಸೇರಿಸಿದೆ. ಇನ್ನು ಈ ಆಟದ ಮಾತು ಆಡೋದಿಲ್ಲ ಅಂತ. ನಿಮ್ಮಪ್ಪನಿಗೆ ಕೊಡೋಕೆ ಅದಕ್ಕಿಂತ ದೊಡ್ಡದು ನನ್ನ ಹತ್ತಿರ ಇರಲಿಲ್ಲ, ಕಂದಾ."

"ಅದು ನಿಮ್ಮೊಬ್ಬರದಾಗಿತ್ತಾ?" ಚಾರ್ವಿ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದಳು. "ಮೂರು ಜನದ್ದು ತಾತ ಅದು. ನನ್ನನ್ನ ಕೇಳಿದ್ರಾ? ಅಪ್ಪನ ವಾಯ್ಸ್ ಮರೆತು ಹೋಗ್ತಿದೆ ನಂಗೆ. ನಿಮ್ಮ ಜೊತೆ ಫೈಟ್ ಮಾಡ್ತಿದ್ರಲ್ಲ, ಅದೊಂದೇ ಇನ್ನೂ ಕೇಳಿಸೋದು. ಒಂದ್ಸಲ ಮಾತಾಡಿ. ಸ್ನೆಲ್ಲಾ, ತಾತ." ಬೇಡುವಾಗ ಅವಳ ಬಾಯಿಗೆ ಸ್ವೀಡಿಷ್ ಮಾತೇ ಬರುತ್ತಿತ್ತು.

"ಕೊಟ್ಟದ್ದನ್ನ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ, ಮಗು. ಅವನ ಹೆಸರಲ್ಲಿ ಕೊಟ್ಟಿದ್ದೀನಿ."

ಚಾರ್ವಿ ಕಣ್ಣೊರೆಸಿಕೊಂಡಳು. "ಸರಿ. ನೀವು ಮಾತಾಡ್ಬೇಡಿ. ಎಲ್ಲರ ಮಾತೂ ನಾನೇ ಆಡ್ತೀನಿ."

ಹಣ್ಣಿನ ತಟ್ಟೆಯನ್ನು ಮೇಜಿನ ತುದಿಗೆ ಸರಿಸಿ ಅದು ಬುಟ್ಟಿ ಎಂದಳು. ಉಪ್ಪಿನ ಡಬ್ಬಿ ಎಡಚ. ಉಪ್ಪಿನಕಾಯಿ ಭರಣಿ ಗಿಡ್ಡ. ಆಮೇಲೆ ದನಿ ದಪ್ಪ ಮಾಡಿಕೊಂಡು ಶುರುಮಾಡಿದಳು. "ಅಪ್ಪಾ, ಎತ್ತರ ಕಲಿಸೋಕಾಗಲ್ಲ. ಮಿಕ್ಕಿದ್ದೆಲ್ಲ ಕಲಿಸಬಹುದು. ಸುಮ್ನೆ ಎಡಚನ್ನ ತಗೊಳ್ಳಿ ಅಂದ್ರೆ ಕೇಳಲ್ಲವಲ್ಲ ನೀವು!"

ಕೊನೆಯ ಮಾತನ್ನು ಎಳೆದ ರೀತಿ ಸುದರ್ಶನನದೇ. ಆರತಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ತಿರುಗಿ ನೋಡಲಿಲ್ಲ.

"ಈಗ ತಾತ," ಎಂದು ಚಾರ್ವಿ ಗಂಟಲು ಕೆರೆದುಕೊಂಡಳು. "ಕಣ್ಣನ್ನೂ ಕಲಿಸೋಕಾಗಲ್ಲ ಕಣೋ ಸುದರ್ಶನ. ಗಿಡ್ಡನಿಗೆ ಕಣ್ಣಿದೆ. ಅವನು ಇಲ್ಲಿ ನಿಂತ ಅಂದ್ರೆ..." ಎಂದು ಭರಣಿಯನ್ನು ಹಣ್ಣಿನ ತಟ್ಟೆಯ ಹಿಂದಿನ ಮೂಲೆಗೆ ತಳ್ಳಿದಳು.

ಆ ಮೂಲೆಯಲ್ಲಿ ನಿಂತವನಿಗೆ ಆಟವೇ ಕಾಣಿಸುವುದಿಲ್ಲ. ಕ್ಲಬ್ಬಿನಲ್ಲಿ ತಾನೇ ಗಾರ್ಡ್ ಆಗಿ ಆಡುವ ಹುಡುಗಿ ಮಾಡುವ ತಪ್ಪಲ್ಲ ಅದು. ಬದರಿನಾಥರು ತುಟಿ ಬಿಗಿಹಿಡಿದರು. ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡರು. ಕಣ್ಣು ತೆರೆದಾಗ ಭರಣಿ ಅಲ್ಲೇ ಮೂಲೆಯಲ್ಲಿತ್ತು. ಚಾರ್ವಿ ಕಾಯುತ್ತಿದ್ದಳು.

ಅವರ ಕೈ ಎದ್ದಿತು. ಭರಣಿಯನ್ನು ಮೂಲೆಯಿಂದ ಎತ್ತಿ ಮೇಜಿನ ನಟ್ಟನಡುವೆ, ಬುಟ್ಟಿಗೆ ಎದುರಾಗಿ ಇಟ್ಟಿತು.

ಎಂಜಲು ಕೈಯಲ್ಲಿ ಉಪ್ಪಿನಕಾಯಿ ಮುಟ್ಟಿದವರಲ್ಲ ಅವರು, ಜೀವಮಾನದಲ್ಲಿ. ಆರತಿ ನೋಡಿದಳು, ಮತ್ತೆ ನಲ್ಲಿಯತ್ತ ತಿರುಗಿದಳು. ಚಾರ್ವಿ ತುಂಬಿದ ಕಣ್ಣಿನಲ್ಲೇ ಮತ್ತೆ ದನಿ ದಪ್ಪ ಮಾಡಿಕೊಂಡು, "ಯಾವಾಗ್ಲೂ ನಡುವೆನೇ ನಿಲ್ಲಿಸ್ತೀರಲ್ಲಪ್ಪಾ, ಯಾಕೆ?" ಎಂದು ಜಗಳ ಮುಂದುವರಿಸಿದಳು.

ಬದರಿನಾಥರು ಉತ್ತರ ಹೇಳಲಿಲ್ಲ. ಮೊಸರು ಒಣಗುತ್ತಿದ್ದ ಬಲಗೈಯನ್ನೇ ನೋಡುತ್ತ ಕುಳಿತಿದ್ದರು. ಗಯೆಯಲ್ಲಿ ನೀರು ಬಿಟ್ಟದ್ದೂ ಅದೇ ಕೈ.