ಪರಿಶೀಲಕರ ಅಭಿಪ್ರಾಯ

ರಾಗಿ ಮೊಳಕೆಯ ಬಗ್ಗೆ ವಸುಧಾ ಮೂರು ವರ್ಷ ಒದ್ದಾಡಿ ಬರೆದ ಸಂಶೋಧನಾ ಪ್ರಬಂಧವನ್ನು ಗೈಡ್ ಒಂದು ಪುಟವೂ ಓದದೆ, "ಇದರಲ್ಲಿ ಹುರುಳಿಲ್ಲಮ್ಮ" ಎಂದು ವಾಪಸು ಕೊಟ್ಟರು. ಅವಳು ಅವರಿಗೆ ಹೇಳದೆ ಅದನ್ನು ಜರ್ನಲ್‌ಗೆ ಕಳಿಸಿದಳು.

ತಿಂಗಳು ಕಳೆದ ಮೇಲೆ ಗೈಡ್ ಎಂದಿನಂತೆ ತಮ್ಮ ಕೆಲಸವನ್ನು ಅವಳ ತಲೆಗೆ ಕಟ್ಟಿದರು.

"ಜರ್ನಲ್‌ನೋರು ಯಾರದೋ ಪ್ರಬಂಧ ಪರಿಶೀಲನೆಗೆ ಕಳಿಸಿದಾರೆ. ಬರೆದೋರ ಹೆಸರು ತೆಗೆದಿದಾರೆ. ಓದಿ ಅಭಿಪ್ರಾಯ ಬರಿ, ನಾನು ಸೈನ್ ಹಾಕ್ತೀನಿ."

ವಸುಧಾ ಹಾಳೆ ತಿರುವಿದಳು. ಅದು ಅವಳದೇ ಪ್ರಬಂಧ.

"ಸರ್, ಇದನ್ನ ನೀವೇ ಓದಿದ್ರೆ..."

"ನನಗೆಲ್ಲಿದೆಯಮ್ಮ ಪುರುಸೊತ್ತು?"

'ಅತ್ಯುತ್ತಮ, ಕೂಡಲೇ ಪ್ರಕಟಿಸಿ' ಎಂದು ಬರೆದುಕೊಟ್ಟಳು.

ಗೈಡ್ ಆ ಸಾಲನ್ನಷ್ಟೇ ಓದಿ ಸಹಿ ಹಾಕಿದರು.

"ನೋಡಮ್ಮ, ಪ್ರಬಂಧ ಅಂದ್ರೆ ಹಿಂಗಿರಬೇಕು. ನೀನೂ ಬರೀತೀಯ, ರಾಗಿ ಮೊಳಕೆ ಅಂತ."